ಎಲೆಯ ಮೇಲಿನ ಗಂಜಿ

ಸಂಜೆಯಾದರೆ ಸಾಕು, ತುಡಿಯಲೂರಿನ ನನ್ನ ಬಾಲ್ಕನಿಯ ಫ್ಲಾಕ್ಸ್ ಗಿಡ ಲವಂಗ ಬೆರೆಸಿದ ಜೇನಿನಂಥ ವಾಸನೆ ಬಿಡುತ್ತದೆ, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕುಂಡವನ್ನು ನೆರಳಿಗೆ ಎಳೆಯುತ್ತೇನೆ, ಮತ್ತೆ ಬಿಸಿಲಿಗೆ ಎಳೆಯುತ್ತೇನೆ. "ಆ ಗಿಡಕ್ಕಾದ್ರೂ ಒಂಚೂರು ನೆಮ್ಮದಿ ಕೊಡಮ್ಮಾ" ಎಂದು ಮಗಳು ಗದರುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗದು. ಸೋದರತ್ತೆಯ ಚಡಪಡಿಕೆಯೇ ನನಗೂ ಬಂದಿದೆ. ಹುಟ್ಟಿದ ಮನೆಯನ್ನು ಕಳೆದುಕೊಂಡವರಾದರೆ ನಿಮಗೂ ಇದು ಗೊತ್ತಿರುತ್ತದೆ.

ಸೂಲೂರಿನ ನಮ್ಮ ಮನೆಗೆ ಈ ಹೂವನ್ನು ತಂದವಳು ಅಪ್ಪನ ತಂಗಿ, ನನ್ನ ಅತ್ತೆ. ಗಂಡ ತೀರಿಕೊಂಡ ಮೇಲೆ ಕೂನೂರಿನಿಂದ ಇಳಿದು ಬಂದಾಗ ಅವಳ ಕೈಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಬೇರಿನ ಬುಡವೊಂದಿತ್ತು. ಅದನ್ನು ಅಂಗಳದ ಬಾವಿಯ ಪಕ್ಕ ನೆಟ್ಟು, "ಈ ಗಿಡ ಇಲ್ಲಿ ತಾಂಗಿ ಉಳಿದ್ರೆ ನಾನೂ ತಾಂಗ್ತೀನಿ. ಇಲ್ಲಾಂದ್ರೆ ಮಲೆಗೇ ವಾಪಸ್ಸು" ಎಂದಳು. ಅಲ್ಲಿ ಅವಳಿಗಾಗಿ ಕಾಯುವವರು ಯಾರೂ ಇರಲಿಲ್ಲ. ಆದರೂ ಬಸ್ಸಿನ ಹಾರ್ನ್ ಕೇಳಿದರೆ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಹೋಗಿಯೇ ಬಿಡುತ್ತಾಳೆಂಬ ಭಯಕ್ಕೆ ನಾನು ಅವಳ ಸೆರಗು ಹಿಡಿದೇ ಮಲಗುತ್ತಿದ್ದೆ. ಗಿಡ ನನ್ನ ಭುಜದೆತ್ತರ ಬೆಳೆಯಿತು, ಆದರೆ ಮೊಗ್ಗು ಮೂಡುವ ಮೊದಲೇ ಎಲೆಗಳ ಮೇಲೆ ಬೆಳ್ಳಗೆ ಏನೋ ಕೂತಿತು.

ನಮ್ಮದು ನೇಯುವವರ ಮನೆ. ಅಪ್ಪ ಬೆಳಬೆಳಗ್ಗೆ ಅಂಗಳದುದ್ದಕ್ಕೂ ಹಾಸುನೂಲು ಬಿಗಿದು ಗಂಜಿ ಹಚ್ಚುತ್ತಿದ್ದರು. ಆ ಅಂಗಳದಲ್ಲಿ ಗಂಜಿ ಹತ್ತದ ವಸ್ತುವೇ ಇರಲಿಲ್ಲ. "ಅಣ್ಣಾ, ನಿನ್ ಗಂಜಿ ಎಲ್ಲಾ ನನ್ ಗಿಡಕ್ಕೇ ಒಟ್ಟಿಕಂಡೈತೆ!" ಎಂದು ಅತ್ತೆ ಹರಿಹಾಯ್ದಳು. ಅಪ್ಪ ಒಂದು ಎಲೆಯ ಬಿಳುಪನ್ನು ಬೆರಳುಗಳ ನಡುವೆ ಹೊಸಕಿ ನೋಡಿದರು. ತಂಗಿಯ ಮುಖ ನೋಡಿ, "ಆಮಾ ಅಮ್ಮಣಿ, ಗಂಜಿ ತಾನ್. ನಾಳೆಯಿಂದ ಬೀದಿಲಿ ಹಾಸ್ಕತೀನಿ" ಎಂದು ಒಪ್ಪಿಕೊಂಡರು. ಮರುದಿನದಿಂದ ಸೈಕಲ್ಲಿನವರ ಬೈಗುಳ ತಿನ್ನುತ್ತ ಬೀದಿಯಲ್ಲೇ ನೂಲು ಹಾಸಿದರು. ಅತ್ತೆ ಸಂಜೆ ಸಂಜೆ ಒದ್ದೆ ಬಟ್ಟೆಯಿಂದ ಎಲೆ ಒರೆಸಿದಳು. ಬಿಳುಪು ಹೋಗಲಿಲ್ಲ, ಆದರೂ ನಸುಗೆಂಪಿನ ಒಂದೇ ಒಂದು ಗೊಂಚಲು ಅರಳಿತು. ಮುಂದಿನ ಬೇಸಿಗೆಗೆ ಗಿಡ ಒಣಗಿತು. ಅಷ್ಟು ಹೊತ್ತಿಗೆ ಅತ್ತೆ ಅಪ್ಪನ ಮಗ್ಗದ ಪಕ್ಕ ನೂಲು ಸುತ್ತುತ್ತ ಕೂತಿದ್ದಳು, ಬಸ್ಸಿನ ಸದ್ದಿಗೆ ಏಳುವುದನ್ನು ಬಿಟ್ಟಿದ್ದಳು.

ಈಗ ಇಬ್ಬರೂ ಇಲ್ಲ. ಮಗ್ಗದ ಕುಳಿ ಮುಚ್ಚಿ ಅಲ್ಲೊಂದು ಗೋದಾಮು ಎದ್ದಿದೆ. ಮೊನ್ನೆ ನನ್ನ ಗಿಡದ ಎಲೆಗೂ ಬಿಳುಪು ಹತ್ತಿತು. ಬೂದಿರೋಗ, ಎಲೆ ಒದ್ದೆ ಮಾಡಬೇಡಿ ಎಂದು ಗಿಡ ಮಾರಿದವನು ಫೋನಿನಲ್ಲಿ ಹೇಳಿದ. ಬೆರಳುಗಳ ನಡುವೆ ಹೊಸಕಿ ನೋಡಿದೆ. ಒಲೆಯ ಬೂದಿಯ ಹಾಗೆ ಒಣಒಣ, ಅಂಟೇ ಇಲ್ಲ. ಹುಟ್ಟಿದಾಗಿನಿಂದ ಗಂಜಿಯಲ್ಲೇ ಕೈಯಾಡಿಸಿದ ಅಪ್ಪನಿಗೆ ಅದು ಗಂಜಿಯಲ್ಲವೆಂದು ಆವತ್ತೇ ತಿಳಿದಿರಬೇಕು. ಗಿಡ ಒಣಗಿದ ಮೇಲೂ ಅವರು ಮತ್ತೆ ಅಂಗಳದಲ್ಲಿ ನೂಲು ಹಾಸಲಿಲ್ಲ.