ತಳದ ಕಾಡಿಗೆ

ಮುಖಕ್ಕೆ ಹಚ್ಚುವ ಯಾವುದನ್ನೂ ನಾನು ಮೂಸಿ ನೋಡದೆ ಹಚ್ಚಿದವಳಲ್ಲ. ಸ್ನೋ ಇರಲಿ, ಪೌಡರ್ ಇರಲಿ, ಮೊದಲು ಮೂಗಿಗೆ, ಆಮೇಲೆ ಕೆನ್ನೆಗೆ. ಕಮಟು ವಾಸನೆ ಬಂತೋ, ಎಷ್ಟು ಬೆಲೆಯದ್ದೇ ಆಗಲಿ, ಆಚೆಗೆ. ಸೊಸೆಯಂದಿರು ಇದನ್ನು ನೋಡಿ ನಗುತ್ತಾರೆ. 'ಅತ್ತೆ ಮೂಗೇ ತಾಲ್ಲೂಕು ಕಚೇರಿ, ಅಲ್ಲಿ ಸಹಿ ಬೀಳದೆ ಏನೂ ಮುಂದಕ್ಕೆ ಹೋಗಲ್ಲ' ಅನ್ನುತ್ತಾರೆ. ನಗಲಿ. ಅವರ ಡಬ್ಬಿಗಳ ತಳದಲ್ಲಿ ಏನೇನಿದೆ ಎಂಬುದು ನನಗೆ ಗೊತ್ತು, ನಾನು ಹೇಳುವುದಿಲ್ಲ.

ಈ ಅಭ್ಯಾಸ ಬಂದದ್ದು ನಮ್ಮ ಅಜ್ಜಿ ಕಾಡಿಗೆ ಇಡುತ್ತಿದ್ದ ಹಿತ್ತಾಳೆ ಕರಡಿಗೆಯಿಂದ. ಯುದ್ಧ ನಡೆಯುತ್ತಿದ್ದ ಕಾಲ. ಬಳ್ಳಾರಿ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದವು, ಸೀಮೆಎಣ್ಣೆಗೆ ಚೀಟಿ ಬೇಕಿತ್ತು. ನಮ್ಮೂರು ದೇವನಹಳ್ಳಿಯಿಂದ ಬೂದಿಗೆರೆಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಕ್ಕಿತ್ತು. ಮನೆಯಲ್ಲಿ ಇದ್ದವರು ನಾಲ್ಕೇ ಜನ. ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ಹದಿನಾರು ತುಂಬಿದ ಅಕ್ಕ, ಒಂಬತ್ತರ ನಾನು. ಅಮ್ಮ ನನಗೆ ಮೂರು ವರ್ಷವಿದ್ದಾಗಲೇ ತೀರಿಕೊಂಡಿದ್ದಳಂತೆ. ಅವಳ ಮುಖ ನನಗೆ ನೆನಪಿಲ್ಲ, ಅದರ ಬಗ್ಗೆ ಅಳುವಷ್ಟು ಗೊತ್ತೂ ಇರಲಿಲ್ಲ.

ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು ಬೆಳೆಯುತ್ತಿದ್ದೆವು. ಅದನ್ನು ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುವುದು ಮನೆಯಲ್ಲೇ. ಯುಗಾದಿ ಹತ್ತಿರ ಬಂದಾಗ ಅಜ್ಜಿ ಆ ಎಣ್ಣೆಯಲ್ಲಿ ಕಾಡಿಗೆ ಕಟ್ಟುತ್ತಿದ್ದಳು. ಹಳೆಯ ಬಿಳಿ ಪಂಚೆಯ ಚೂರನ್ನು ಹೊನಗೊನ್ನೆ ಸೊಪ್ಪಿನ ರಸದಲ್ಲಿ ನೆನೆಸುವುದು, ನೆರಳಲ್ಲಿ ಒಣಗಿಸುವುದು, ಮತ್ತೆ ನೆನೆಸುವುದು, ಹೀಗೆ ಮೂರು ದಿನ. ಆಮೇಲೆ ಬತ್ತಿ ಹೊಸೆದು, ದೀಪದ ಸುತ್ತ ಮೂರು ಇಟ್ಟಿಗೆ ಇಟ್ಟು, ಮೇಲೆ ಕಂಚಿನ ತಟ್ಟೆ ಬೋರಲು ಹಾಕುತ್ತಿದ್ದಳು. ತಟ್ಟೆಯ ಒಳಮೈಗೆ ಹಿಡಿದ ಮಸಿಯನ್ನು ಬೆಳಿಗ್ಗೆ ಕೋಳಿಪುಕ್ಕದಲ್ಲಿ ಗುಡಿಸಿ, ತುಪ್ಪ ಹಾಕಿ ಅಂಗೈಯಲ್ಲಿ ಮಿದಿದರೆ ಕಾಡಿಗೆ. ಕೇರಿಯ ಹೆಂಗಸರು ತಮ್ಮ ತಮ್ಮ ಕರಡಿಗೆ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. 'ಅಜ್ಜಿ ಕೈ ಕಾಡಿಗೆ' ಎಂದರೆ ಆಚೆಯ ಎರಡು ಹಳ್ಳಿಗೂ ಗೊತ್ತಿತ್ತು. ಅಜ್ಜಿ ಮಾತ್ರ ತಾನು ಹಚ್ಚುತ್ತಿರಲಿಲ್ಲ. ಅವಳು ನಮ್ಮ ತಾತನಿಗೆ ಎರಡನೇ ಸಂಬಂಧಕ್ಕೆ ಬಂದವಳು. ಗಂಡ ಅವಳಿಗಿಂತ ಇಪ್ಪತ್ತೈದು ವರ್ಷ ದೊಡ್ಡವನು. ಬಂದ ಐದನೇ ವರ್ಷಕ್ಕೆ ಅವನು ಹೋದ, ಕಾಡಿಗೆಯೂ ಹೋಯಿತು.

ಆ ಕರಡಿಗೆಗೆ ಒಂದು ಕಟ್ಟಳೆ ಇತ್ತು. ಹೆಣ್ಣುಮಕ್ಕಳಿರುವ ಮನೆಯಲ್ಲಿ ಕುಂಕುಮದ ಭರಣಿ ಹೇಗೆ ಬರಿದಾಗಬಾರದೋ ಹಾಗೆಯೇ ಕಾಡಿಗೆ ಕರಡಿಗೆಯ ತಳವೂ ಕಾಣಬಾರದು. ಹಾಗಾಗಿ ಹಳೆಯದನ್ನು ಯಾರೂ ತೆಗೆಯುತ್ತಿರಲಿಲ್ಲ, ಅದರ ಮೇಲೆಯೇ ಹೊಸದನ್ನು ಮೆತ್ತುತ್ತಿದ್ದರು. ಪ್ರತಿ ಯುಗಾದಿಗೂ ಒಂದು ಪದರ. ಅಷ್ಟು ಚೊಕ್ಕಟವಾಗಿ ಮೂರು ದಿನ ಬಟ್ಟೆ ನೆನೆಸುವ ಅಜ್ಜಿಗೆ, ತಳದ ತುಪ್ಪ ಕೆಟ್ಟು ನಾರುತ್ತಿದೆ ಎಂಬುದು ತಿಳಿಯದ ಮಾತಲ್ಲ. ಆದರೆ ಕಟ್ಟಳೆ ಕಟ್ಟಳೆಯೇ. ತಳದಲ್ಲಿ ನಮ್ಮಮ್ಮ ಮದುವೆಯಾಗಿ ಬಂದಾಗಿನ ಕಾಡಿಗೆಯೂ ಇದ್ದಿರಬೇಕು.

ಅದರ ಗುಣ ಮೊದಲು ಕಂಡದ್ದು ನನ್ನ ಕಣ್ಣಿಗೇ. ಮೇಲಿನದು ಅಕ್ಕನಿಗೆ ಎಂದು ನನ್ನನ್ನು ಗದರಿದ್ದರು. ಹಾಗಾದರೆ ತಳದ್ದು ಯಾರಿಗೆ? ಒಂದು ಮಧ್ಯಾಹ್ನ ಕಡ್ಡಿಯಲ್ಲಿ ಗೋರಿ ಎರಡೂ ಕಣ್ಣಿಗೆ ಬಳಿದುಕೊಂಡೆ. ಸ್ವಲ್ಪ ಹೊತ್ತಿಗೆ ಮೆಣಸಿನಕಾಯಿ ಉಜ್ಜಿದಷ್ಟು ಉರಿ. ಗಳಿಗೆಯೊಳಗೆ ಕಣ್ಣು ಕೆಂಡವಾಯಿತು, ಸಂಜೆಗೆ ರೆಪ್ಪೆ ಊದಿತು. ಅಜ್ಜಿ ಬೈಯುತ್ತಲೇ ಕೊತ್ತಂಬರಿ ಬೀಜದ ನೀರಲ್ಲಿ ತೊಳೆದು, ನಂದಿಬಟ್ಟಲು ಹೂವನ್ನು ತಣ್ಣೀರಲ್ಲಿ ಅದ್ದಿ ಕಣ್ಣ ಮೇಲಿಟ್ಟಳು.

"ತಳದ್ದು ಮುಟ್ಬ್ಯಾಡಿ ಅಂತ ಎಷ್ಟು ಸಲ ಹೇಳೋದು? ಅದು ಇರೋಕೆ ಇರೋದು, ಹಚ್ಕೊಳ್ಳೋಕಲ್ಲ."

ಕಣ್ಣು ವಾಸಿಯಾಗುವ ನಾಲ್ಕು ದಿನವೂ ಅಕ್ಕ ನನ್ನ ಪಕ್ಕ ಕೂತಿದ್ದಳು. ಹೂವು ಬದಲಾಯಿಸುತ್ತಾ ಒಂದೊಂದೇ ಕೇಳಿದಳು.

"ಹಚ್ಕೊಂಡು ಎಷ್ಟು ಹೊತ್ಗೆ ಉರಿ ಸುರುವಾಯ್ತೇ? ಕೆಂಪಾಗಿದ್ದು ಯಾವಾಗ? ಎಷ್ಟು ತಗೊಂಡಿದ್ದೆ, ಇಷ್ಟಾ?"

ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ. ಆ ವಯಸ್ಸಿನಲ್ಲಿ ನಾನು ಅಷ್ಟೊಂದು ದಡ್ಡಿಯಾಗಿದ್ದೆ.

ಆಗಲೇ ಮನೆಗೆ ಹೊಸಕೋಟೆ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಗಂಡಿಗೆ ನಲವತ್ತರ ಹತ್ತಿರ. ಮೊದಲ ಹೆಂಡತಿ ಸತ್ತು ವರ್ಷ ತುಂಬಿರಲಿಲ್ಲ, ಎರಡು ಮಕ್ಕಳು. ಆದರೆ ಬಾವಿ ಇತ್ತು. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಎರಡು ಹೂಡಿದರೂ ಬತ್ತದ ಬಾವಿ, ಕೆಳಗೆ ಆಲೂಗಡ್ಡೆ, ಹಿಪ್ಪುನೇರಳೆ. ಮಳೆಯನ್ನೇ ನಂಬಿ ರಾಗಿ ಬಿತ್ತುವ ನಮ್ಮಪ್ಪ ಆ ಬಾವಿಯನ್ನು ನೋಡಿಕೊಂಡು ಬಂದವನು ಗಂಡಿನ ವಿಚಾರ ಬಿಟ್ಟು ನೀರಿನ ವಿಚಾರವನ್ನೇ ಎರಡು ದಿನ ಹೇಳಿದ. ಅವನು ಕೆಟ್ಟವನಲ್ಲ. ಮಗಳು ಹೊತ್ತು ಹೊತ್ತಿಗೆ ಉಂಡು ಇರಲಿ ಎಂಬುದಷ್ಟೇ ಅವನ ತಲೆಯಲ್ಲಿದ್ದದ್ದು. ಉಳಿದದ್ದು ಅವನಿಗೆ ಹೊಳೆಯಲಿಲ್ಲ.

ಅಕ್ಕ ಒಂದೇ ಒಂದು ಸಲ ಬಾಯಿಬಿಟ್ಟಳು. "ನಂಗ್ಯಾಕೋ ಬ್ಯಾಡ ಅನ್ನುಸ್ತದೆ ಕಣಪ್ಪಾ."

"ನಿನ್ನ ಕೇಳ್ದೋರ್ಯಾರು?" ಎಂದ ಅಪ್ಪ. "ನಿಮ್ಮಜ್ಜಿ ಎರಡ್ನೇ ಸಂಬಂಧಕ್ಕೆ ಬಂದೋಳಲ್ವಾ? ಬಾಳ್ಲಿಲ್ವಾ?"

ಅಜ್ಜಿ ರಾಗಿ ಕೇರುತ್ತಿದ್ದಳು. ಮೊರ ಒಂದು ಕ್ಷಣ ನಿಂತಿತು, ಮತ್ತೆ ಆಡಿತು. ಮಗನ ಮನೆಯಲ್ಲಿ ಮಗನ ಮಾತಿಗೆ ಎದುರಾಡುವ ರೂಢಿ ಅವಳಿಗಿರಲಿಲ್ಲ. ಹೆಣ್ಣು ನೋಡಲು ದಿನ ಗೊತ್ತಾಯಿತು. ಹುಡುಗಿ ಕಣ್ಣಿಗೆ ಒಪ್ಪಿದರೆ ಅವತ್ತೇ ಎಲೆಅಡಿಕೆ ಬದಲಾಯಿಸಿ ಮಾತು ಮುಗಿಸುವುದು ಎಂದಾಗಿತ್ತು. ಒಪ್ಪದೆ ಇರುವುದಕ್ಕೆ ಕಾರಣವೇ ಇರಲಿಲ್ಲ. ಅಕ್ಕನ ಕಣ್ಣುಗಳೆಂದರೆ ಕೇರಿಯವರೆಲ್ಲ ಹೊಗಳುವ ಕಣ್ಣು.

ಆ ದಿನ ಬೆಳಿಗ್ಗೆ ಹಿತ್ತಲಿಗೆ ಹೋದವಳು ಅಕ್ಕನನ್ನು ಕಂಡೆ. ಬಚ್ಚಲ ಗೋಡೆಗೆ ಒರಗಿ ಕೂತು, ಪೊರಕೆಯ ಹಂಚಿಕಡ್ಡಿಯಲ್ಲಿ ಕರಡಿಗೆಯ ತಳ ಕೆದಕುತ್ತಿದ್ದಳು. ಬಂದ ಚೂರು ಒಣಗಿ ಗಟ್ಟಿಯಾಗಿತ್ತು. ಅದನ್ನು ಎಂಜಲಲ್ಲಿ ನೆನೆಸಿ, ಎರಡೂ ಕಣ್ಣಿಗೆ ಒಳಗಡೆಗೆ ಎಳೆದುಕೊಂಡಳು. ನನ್ನನ್ನು ನೋಡಿದಳು.

"ಕಂಡಿದ್ದು ನುಂಗ್ಕೊ" ಎಂದಳು.

ನಾನು ನುಂಗಿಕೊಂಡೆ. ನನಗೆ ಹೆದರಿಕೆಯಾಗಿತ್ತು. ನನ್ನ ಕಣ್ಣಿಗೆ ತಗುಲಿದ ಉರಿ ಎಂಥದ್ದೆಂದು ನನಗೆ ಗೊತ್ತಿತ್ತು, ಅವಳು ನನಗಿಂತ ಹೆಚ್ಚು ಬಳಿದುಕೊಂಡಿದ್ದಳು.

ಹೊಸಕೋಟೆಯವರು ಕಮಾನು ಗಾಡಿಯಲ್ಲಿ ಬಂದರು. ಗಂಡಿನ ತಾಯಿ ಮೊದಲು ಇಳಿದಳು. ಕಜ್ಜಾಯ ತಿಂದರು, ಚೆನ್ನಾಗಿಯೇ ತಿಂದರು. ಅಕ್ಕ ಕಾಫಿಯ ಲೋಟ ಹಿಡಿದು ಬಂದಾಗ ಅವಳ ಎರಡೂ ಕಣ್ಣು ರಕ್ತದಂತೆ ಕೆಂಪಾಗಿದ್ದವು. ಕಾಡಿಗೆ ಕರಗಿ ಕೆನ್ನೆಗೆ ಇಳಿಯುತ್ತಿತ್ತು. ಗಂಡಿನ ತಾಯಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಇದೇನವ್ವಾ, ಹುಡುಗಿಗೆ ಕಣ್ಣುಬ್ಯಾನೆಯಾ? ಹುಟ್ಟಿದಾಗಿಂದ್ಲೂ ಹಿಂಗೇನಾ?"

"ಇಲ್ಲ ಕಣಮ್ಮಾ, ನೆನ್ನೆ ಸರಿಯಾಗಿತ್ತು" ಎಂದ ಅಪ್ಪ.

"ನಮ್ಮನೇಲಿ ಎರಡು ಚಿಕ್ಕಮಕ್ಕಳವೆ. ಅಂಟಿದ್ರೆ ಯಾರು ನೋಡೋರು?" ಎಂದು ಆಕೆ ಎದ್ದಳು. ಹೇಳಿ ಕಳಿಸುತ್ತೇವೆ ಎಂದು ಹೋದವರು ಹೇಳಿ ಕಳಿಸಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಪ್ಪ ಮನೆಯನ್ನೇ ತಲೆ ಮೇಲೆ ಹೊತ್ತುಕೊಂಡ. ಸಿಟ್ಟು ತಿರುಗಿದ್ದು ಅಜ್ಜಿಯ ಮೇಲೆ. ಜಗಲಿಯಲ್ಲಿ, ಕೇರಿಯ ಹೆಂಗಸರು ನೋಡುತ್ತಿದ್ದಂತೆಯೇ.

"ಹಳೇ ಮಸೀನೆಲ್ಲಾ ಕೂಡಿಟ್ಕೊಂಡು ನನ್ ಮಗಳ ಬಾಳು ಹಾಳ್ಮಾಡ್ಬುಟ್ಟೆ ಕಣವ್ವಾ! ಬರಿದಾಗಬಾರ್ದು, ಬರಿದಾಗಬಾರ್ದು ಅಂತಿದ್ದೆ. ಈಗ ತುಂಬ್ತಾ? ಆ ಕರಡಿಗೆ ಇನ್ನು ಈ ಮನೇಲಿ ಇರಕೂಡ್ದು."

ಅಜ್ಜಿ ಅಕ್ಕನ ಕಣ್ಣನ್ನು ಒಮ್ಮೆ ನೋಡಿದಳು. ಆಮೇಲೆ ಅಕ್ಕನ ಕೈ ನೋಡಿದಳು. ಉಗುರುಸಂದಿಯಲ್ಲಿ ಒಣಗಿದ ಕಪ್ಪು ಇತ್ತು.

"ನಂದೇ ತಪ್ಪು ಕಣಪ್ಪಾ" ಎಂದಳು. "ಮೇಲ್ಗಡೆದೂ ಕೆಟ್ಟಿತ್ತು ಅಂತ ಕಾಣ್ತದೆ. ನಾನು ನೋಡ್ಲಿಲ್ಲ."

ಅದು ಸುಳ್ಳು. ಮೇಲಿನದು ಹತ್ತು ದಿನದ ಹಿಂದೆ ಕಟ್ಟಿದ್ದು, ಇನ್ನೂ ತುಪ್ಪದ ಘಮ ಇತ್ತು. ನನಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಅಜ್ಜಿ ಕರಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು, ಬರಿಗೈಯಲ್ಲಿ ಬಂದಳು. ಅಕ್ಕನ ಕಣ್ಣು ಸರಿಹೋಗಲು ಹದಿನೈದು ದಿನ ಹಿಡಿಯಿತು. ಅಷ್ಟು ದಿನವೂ ಅಜ್ಜಿ ಹಿತ್ತಲಿನ ನಂದಿಬಟ್ಟಲು ಗಿಡವನ್ನು ಬೋಳು ಮಾಡಿದಳು. ಯಾವುದೋ ದೇವರಿಗೆ ಹರಕೆಯನ್ನೂ ಹೊತ್ತಳು, ಯಾವ ದೇವರೆಂದು ಹೇಳಲಿಲ್ಲ. ಕಣ್ಣು ಉಳಿಯಿತು. ಎಡಗಣ್ಣಿನ ರೆಪ್ಪೆಯ ಕೂದಲು ಅರ್ಧಕ್ಕೆ ಉದುರಿ ಮತ್ತೆ ಹುಟ್ಟಲಿಲ್ಲ. ಇನ್ನೊಂದೂ ಆಯಿತು. ಮುಂದಿನ ಯುಗಾದಿಗೆ ಅಜ್ಜಿ ಕಾಡಿಗೆ ಕಟ್ಟಿದಾಗ ಕೇರಿಯ ಒಬ್ಬ ಹೆಂಗಸೂ ಕರಡಿಗೆ ಹಿಡಿದುಕೊಂಡು ಬರಲಿಲ್ಲ. ಅಜ್ಜಿ ಮೂರು ದಿನ ಬಟ್ಟೆ ನೆನೆಸಿದ್ದಳು. ಒಂದು ಸಣ್ಣ ತಗಡಿನ ಡಬ್ಬಿ ತುಂಬಿ ಉಳಿದ ಮಸಿಯನ್ನು ತಟ್ಟೆಯ ಸಮೇತ ತೊಳೆದುಹಾಕಿದಳು.

ಆ ಯುಗಾದಿ ಕಳೆದ ಹದಿನೈದು ದಿನಕ್ಕೆ ಇನ್ನೊಂದು ಸಂಬಂಧ ಬಂತು. ಚನ್ನರಾಯಪಟ್ಟಣದ ಕಡೆಯ ಹುಡುಗ, ಪ್ರೈಮರಿ ಮೇಷ್ಟರು, ಮೂರು ಎಕರೆ ಖುಷ್ಕಿ. ಬಾವಿ ಇಲ್ಲ. ಅಪ್ಪನಿಗೆ ಉತ್ಸಾಹವೂ ಇರಲಿಲ್ಲ. ರೆಪ್ಪೆ ಉದುರಿದ ಹುಡುಗಿಗೆ ಇದಾದರೂ ಆಗಲಿ ಎಂದು ಒಪ್ಪಿ, ಈ ಸಲವೂ ಮಾತು ಅವತ್ತೇ ಮುಗಿಯಬೇಕೆಂದ. ನಲ್ಲೂರಿನಿಂದ ಬಂದಿದ್ದ ಹೊಸ ಹುಣಿಸೆಹಣ್ಣಿನ ಬೀಜವನ್ನು ನಾನೂ ಅಕ್ಕನೂ ಬಿಡಿಸುತ್ತಿದ್ದಾಗ ಅವರು ಬಂದರು, ಹೇಳಿದ್ದಕ್ಕಿಂತ ಬೇಗ. ಅಪ್ಪ ಅವರನ್ನು ಜಗಲಿಯಲ್ಲಿ ಕೂರಿಸಿ ಮಳೆಬೆಳೆಯ ಮಾತು ತೆಗೆದ. ಅಜ್ಜಿ ಅಕ್ಕನನ್ನು ನಡುಮನೆಗೆ ಎಳೆದುಕೊಂಡು ಬಂದು ತಗಡಿನ ಡಬ್ಬಿಯನ್ನು ಕೈಗಿಟ್ಟಳು.

"ಇದು ಹೊಸದು. ಮೊದ್ಲು ಬಾಗಿಲ ಸಂದೀಲಿ ಹುಡುಗನ್ನ ನೋಡು. ಚೆನ್ನಾಗ್ ನೋಡು, ಅವಸರ ಇಲ್ಲ, ನಾನು ಅವ್ರನ್ನ ಮಾತಿಗೆ ಕೂರುಸ್ಕೊಂಡಿರ್ತೀನಿ. ಒಪ್ಪಿಗೆ ಆದ್ರೆ ಇದು ಹಚ್ಕೊ. ಬ್ಯಾಡ ಅನ್ನುಸ್ತು ಅಂದ್ರೆ ಹಳೇದು ಅಟ್ಟದ ಮೇಲೈತೆ, ಒನಕೆ ಪಕ್ದಲ್ಲಿ."

ಅಕ್ಕ ತಲೆ ಎತ್ತಿ ಅಟ್ಟದ ಕಡೆ ನೋಡಿದಳು. ನಾನೂ.

"ಆದ್ರೆ ಈ ಸಲ ಒಂದೇ ಕಣ್ಗೆ ಹಚ್ಕೊ" ಎಂದಳು ಅಜ್ಜಿ. "ಒಂದು ಕೆಂಪಾದ್ರೆ ಸಾಕು, ಎದ್ದು ಹೋಗ್ತಾರೆ. ಎರಡೂ ಯಾಕೆ ಸುಟ್ಕೋಬೇಕು?"

ಅಕ್ಕ ಅಜ್ಜಿಯ ಭುಜಕ್ಕೆ ಮುಖ ಒತ್ತಿ ಅತ್ತಳು. "ಅತ್ರೆ ಅದೂ ಕೆಂಪಾಗ್ತದೆ, ಸುಮ್ಕಿರು" ಎಂದು ಅಜ್ಜಿ ಅವಳನ್ನು ಬಿಡಿಸಿ ಹೊರಗೆ ಹೋದಳು. ಅಕ್ಕ ಬಾಗಿಲ ಸಂದಿಗೆ ಕಣ್ಣಿಟ್ಟು ಬಹಳ ಹೊತ್ತು ನಿಂತಳು. ನಾನೂ ಕೆಳಗಿನಿಂದ ನೋಡಿದೆ. ಹುಡುಗ ಸಣಕಲು. ಲೋಟದ ನೀರು ಕುಡಿದವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಕೂತಿದ್ದ. ಅಕ್ಕ ಕೂತು ತಗಡಿನ ಡಬ್ಬಿಯ ಮುಚ್ಚಳ ತೆಗೆದಳು. ಎರಡೂ ಕಣ್ಣಿಗೆ ಹಚ್ಚಿಕೊಂಡಳು.

ಮದುವೆ ಸಣ್ಣದಾಗಿ ಆಯಿತು. ಅಕ್ಕನನ್ನು ಗಾಡಿ ಹತ್ತಿಸಿ ಕಳಿಸಿದ ಮಾರನೇ ದಿನ, ಅಜ್ಜಿ ಅಟ್ಟದಿಂದ ಹಿತ್ತಾಳೆ ಕರಡಿಗೆ ಇಳಿಸಿಕೊಂಡು ತಿಪ್ಪೆಯ ಹತ್ತಿರ ಹೋದಳು. ನಾನೂ ಹಿಂದೆ ಹೋದೆ. ಅಪ್ಪ ಹೊಲದಲ್ಲಿದ್ದ. ಅವಳು ಕುಕ್ಕರಗಾಲಲ್ಲಿ ಕೂತು ಕರಟದ ಚೂರಿನಲ್ಲಿ ಒಳಗಿನದನ್ನು ಗೋರಿ ಗೋರಿ ತಿಪ್ಪೆಗೆ ಎಸೆಯತೊಡಗಿದಳು. ಕಮಟು ವಾಸನೆ ಮೂಗಿಗೆ ಬಡಿಯಿತು. ಒಂದು ಕಡೆ ಹಿತ್ತಾಳೆಯ ತಳ ಹೊಳೆಯಿತು. ಅದನ್ನು ನಾನು ನೋಡಿದ್ದು ಅದೇ ಮೊದಲು.

"ಬರಿದಾಗಬಾರ್ದು ಅಂತಿದ್ದೆಯಲ್ಲಜ್ಜಿ?" ಎಂದೆ.

"ಅದು ಅವ್ಳ ಪಾಲಿಂದು. ಅವ್ಳ ಕೆಲ್ಸ ಮುಗೀತಲ್ಲ" ಎಂದಳು. ಇನ್ನೂ ಎರಡು ಸಲ ಗೋರಿದಳು. ಆಮೇಲೆ ಕರಟ ಹಿಡಿದ ಕೈ ತಡೆದು, ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನಗೆ ಆಗ ಹತ್ತು ತುಂಬಿತ್ತು.

"ನಿಂಗೂ ಒಂಚೂರು ಇರ್ಲೇನೇ?"

ನಾನು ಹೂಂ ಅಂದೆ. ಅಜ್ಜಿ ಮುಚ್ಚಳ ಹಾಕಿದಳು.