ಠರಾವು ಆಗದ ಗಟಾರ

ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ ಓಣಿಯವರು ನನ್ನನ್ನು ಪುರಸಭೆಗೆ ನಿಲ್ಲಿಸಿದರು. ನಾನು ಮನೆಯಲ್ಲೇ ಕುಬಸ ಹೊಲಿಯುವವಳು. ಪಕ್ಕದ ಬನಹಟ್ಟಿಯಂತೆ ನಮ್ಮದೂ ಮಗ್ಗದ ಊರು. ಓಣಿಯ ಹೆಂಗಸರೆಲ್ಲ ನನ್ನ ಬಳಿ ಬರುತ್ತಿದ್ದರು, ನನ್ನ ಅರ್ಹತೆ ಅಷ್ಟೆ.

ನನಗಾಗಿ ಮನೆಮನೆ ತಿರುಗಿದವರು ಎದುರುಮನೆಯ ಕಾಕಾ. ಮುದುಕರು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಸುತ್ತಲಿನವರೆಲ್ಲ ಪಾವರ್‌ಲೂಮಿಗೆ ಹೋದರೂ ಅವರು ಕುಣಿ ಬಿಟ್ಟಿರಲಿಲ್ಲ. ಓಣಿಯ ಗಟಾರ ಅವರ ಗೋಡೆಗೆ ಆತುಕೊಂಡೇ ಹರಿಯುತ್ತಿತ್ತು. ಮಳೆ ಜೋರಾದರೆ ಆ ನೀರೆಲ್ಲ ಮಗ್ಗದ ಕುಣಿಗೆ ಇಳಿಯುತ್ತಿತ್ತು.

"ಆರಿಸಿ ಬಾ ತಂಗಿ, ಈ ಗಟಾರ ಒಂದು ಕಟ್ಟಿಸು. ನನಗ ಮತ್ತೇನೂ ಬ್ಯಾಡ," ಎಂದಿದ್ದರು.

ಗೆದ್ದೆ. ಗುಲಾಲು ಎರಚಿದರು. ಮರುವಾರವೇ ಮುಖ್ಯಾಧಿಕಾರಿಗಳ ಕೋಣೆಗೆ ಹೋಗಿ ಗಟಾರದ ಮಾತೆತ್ತಿದೆ. ಅವರು ಚಹಾ ತರಿಸಿದರು.

"ಅಕ್ಕಾರ, ಅಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋಗೇತ್ರಿ. ಅಧ್ಯಕ್ಷರಿಲ್ಲದ ಸಭಾ ಇಲ್ಲ, ಸಭಾ ಇಲ್ಲದ ಠರಾವು ಇಲ್ಲ. ಠರಾವಿಲ್ಲದ ನಾ ಒಂದು ಇಟ್ಟಂಗಿ ಇಡಾಕ ಬರಂಗಿಲ್ಲ."

"ಅಲ್ಲೀಮಟ ಊರು ನೋಡೋರು ಯಾರ್ರಿ?"

"ಆಡಳಿತಾಧಿಕಾರಿ ಅದಾರಲ್ರಿ."

ಆಡಳಿತಾಧಿಕಾರಿಗೆ ನಮ್ಮಂಥ ಊರು ಇನ್ನೂ ಹಲವು. ಓಣಿಯ ಹೆಂಗಸರನ್ನು ಕರೆದುಕೊಂಡು ಬಸ್ಸು ಹತ್ತಿ ಅವರ ಕಚೇರಿಗೂ ಹೋದೆ. ತಾಳ್ಮೆಯಿಂದ ಕೇಳಿದರು. ಎಂಜಿನಿಯರು ಬಂದು ಟೇಪು ಹಿಡಿದು ಅಳೆದರು. ಅಂದಾಜು ಪಟ್ಟಿ ಮೇಲಿನ ಕಚೇರಿಗೆ ಹೋಯಿತು. ಬಹಳ ತಿಂಗಳಾದ ಮೇಲೆ ತಿರುಗಿ ಬಂತು. ಸದಸ್ಯರ ಸಭೆಯ ಒಪ್ಪಿಗೆ ಬೇಕಂತೆ. ಸಭೆಯೇ ಇಲ್ಲದ ಊರಲ್ಲಿ ಆ ಒಪ್ಪಿಗೆ ಯಾರನ್ನು ಕೇಳಲಿ?

ಆ ಮಳೆಗಾಲ ಕಾಕಾನ ಕುಣಿ ತುಂಬಿತು. ನಾನೂ ಅವರ ಹೆಂಡತಿ ಕಾಕೂನೂ ಬಕೆಟ್ಟಿನಿಂದ ಮೊಗೆದು ಮೊಗೆದು ಹೊರಗೆ ಚೆಲ್ಲಿದೆವು. ಕಾಲ ಕೆಳಗಿನ ತುಳಿಹಲಗೆ ಉಬ್ಬಿಹೋಗಿತ್ತು. ಅರ್ಧ ನೇಯ್ದ ಸೀರೆಯ ಅಂಚಿಗೆ ಕಪ್ಪು ನೀರು ಏರಿತ್ತು. ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿದರು.

ಕೊನೆಗೆ ಕೋರ್ಟಿನ ಗಂಟು ಬಿಚ್ಚಿತು. ಅಧ್ಯಕ್ಷಗಿರಿಗೆ ಪೈಪೋಟಿಗಿಳಿದ ಎರಡು ಗುಂಪಿನವರು ಆಯ್ಕೆಗೆ ಮೊದಲು ತಮ್ಮ ತಮ್ಮ ಸದಸ್ಯರನ್ನು ಗಾಡಿ ತುಂಬಿಸಿ ದೂರದ ರೆಸಾರ್ಟಿಗೆ ಕರೆದೊಯ್ದರು. ನಾನು ಹೋಗಲಿಲ್ಲ. ಹಾಗಾಗಿ ಎರಡೂ ಕಡೆಯವರಿಗೆ ಹೊರಗಿನವಳಾದೆ, ನನ್ನ ಗಟಾರ ಮೊದಲ ಸಭೆಯ ವಿಷಯಗಳಲ್ಲಿ ಕಟ್ಟಕಡೆಗೆ ಹೋಯಿತು.

ಸಭೆಯ ದಿನ ಹೊಸ ಸೀರೆ ಉಟ್ಟು ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಸಂತೆ ಮಳಿಗೆಗಳ ಹರಾಜಿನ ವಿಷಯಕ್ಕೇ ಜಗಳ ಹತ್ತಿತು. ಒಬ್ಬರು ಮೇಜು ಗುದ್ದಿದರು, ಇನ್ನೊಬ್ಬರು ನೀರಿನ ಬಾಟಲಿ ತೂರಿದರು. ನಾನು ಎದ್ದು ನಿಂತು, "ನನ್ನ ವಾರ್ಡಿಂದೊಂದು ಗಟಾರ..." ಎಂದೆ.

"ಕೂಡ್ರಿ ಅಕ್ಕಾರ, ಗಟಾರ ಎಲ್ಲಿ ಓಡಿ ಹೊಕ್ಕೈತಿ?" ಎಂದರು ಹಿರಿಯ ಸದಸ್ಯರೊಬ್ಬರು. ಎಲ್ಲರೂ ನಕ್ಕರು. ಅಲ್ಲಿಯವರೆಗೆ ಹೊಡೆದಾಡುತ್ತಿದ್ದವರು ಆ ಒಂದು ನಗೆಯಲ್ಲಿ ಮಾತ್ರ ಒಂದಾಗಿದ್ದರು. ಸಭೆಯನ್ನು ಮುಂದೂಡಿದರು.

ಆಮೇಲಿನ ಸಭೆಗಳಿಗೆ ಕೋರಂ ಆಗಲಿಲ್ಲ. ಒಂದು ಗುಂಪು ಬಂದರೆ ಇನ್ನೊಂದು ಬರುತ್ತಿರಲಿಲ್ಲ. ಖಾಲಿ ಕುರ್ಚಿಗಳ ನಡುವೆ ಕೂತು ಎದ್ದು ಬರುತ್ತಿದ್ದೆ. ಅಷ್ಟರಲ್ಲಿ ಅಧ್ಯಕ್ಷರ ಅರ್ಧ ಅವಧಿ ಮುಗಿಯಿತು. ಉಳಿದರ್ಧಕ್ಕೆ ಬರಬೇಕಾದ ಹೊಸ ಅಧ್ಯಕ್ಷರ ಮೀಸಲಾತಿ ಮತ್ತೆ ಕೋರ್ಟಿಗೆ ಹೋಯಿತು. ಮತ್ತೆ ಆಡಳಿತಾಧಿಕಾರಿ.

ಒಂದು ಮುಂಜಾನೆ ಎದುರುಮನೆ ಮುಂದೆ ಮಣ್ಣಿನ ಟ್ರ್ಯಾಕ್ಟರು ನಿಂತಿತ್ತು. ಓಡಿ ಹೋದೆ. ಮಗ್ಗದ ಕಟ್ಟಿಗೆ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಕಾಕಾ ಬುಟ್ಟಿಯಿಂದ ಕುಣಿಗೆ ಮಣ್ಣು ಸುರಿಯುತ್ತಿದ್ದರು.

"ಕಾಕಾ, ಇದೇನು ಮಾಡಾಕತ್ತೀರಿ?"

"ಮುಚ್ಚಾಕತ್ತೇನಿ ತಂಗಿ. ನಮ್ಮಪ್ಪ ತೋಡಿದ ಕುಣಿ. ಇನ್ನ ಆಗಂಗಿಲ್ಲ."

"ಇನ್ನೊಂದು ವರ್ಷ ತಡೀರಿ, ಸಭಾ ಆಗ್ತೈತಿ..."

ಅವರು ಬುಟ್ಟಿ ಕೆಳಗಿಟ್ಟು ನನ್ನ ಮುಖ ನೋಡಿದರು. "ನೀ ಬ್ಯಾಸರಾ ಮಾಡ್ಕೋಬ್ಯಾಡ. ನಿನ್ನ ಕೈಯಾಗ ಏನೈತಿ ಹೇಳು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಮಾಧಾನದ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಅಲ್ಲಿ ನಿಲ್ಲದೆ ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ನಮ್ಮ ಅವಧಿ ಮುಗಿದಿದೆ. ಊರು ಈಗಲೂ ಆಡಳಿತಾಧಿಕಾರಿಯ ಕೈಯಲ್ಲಿದೆ. ಮುಂದಿನ ಚುನಾವಣೆಗೆ ನಿಲ್ಲಲು ಓಣಿಯವರು ಮತ್ತೆ ಕೇಳಿದರು, ಒಲ್ಲೆ ಎಂದೆ. ಒಬ್ಬರೂ ಒತ್ತಾಯ ಮಾಡಲಿಲ್ಲ. ಕಾಕಾ ಬೇರೆಯವರ ಪಾವರ್‌ಲೂಮಿನ ಶೆಡ್ಡಿನಲ್ಲಿ ಬಾಬಿನ್ನಿಗೆ ನೂಲು ಸುತ್ತುತ್ತಾರೆ. ಅಲ್ಲಿನ ಮಗ್ಗಗಳ ಸದ್ದಿಗೆ ಕಿವಿ ಮಂದವಾಗಿದೆ. ಹೋದ ಮಳೆಗೂ ಗಟಾರ ಉಕ್ಕಿತು. ತಡೆಯಲು ಕುಣಿ ಇರಲಿಲ್ಲವಲ್ಲ, ನೀರು ನೇರ ಅವರ ಅಡಿಗೆಮನೆಗೆ ಹೋಯಿತು.