ಆರ್ಲಿಸ್ ಹೌಗನ್ ತರಗತಿಯ ನಾಲ್ಕು ಮೂಲೆಗಳು

ಅಯೋವಾದ ನಮ್ಮೂರಿನಲ್ಲಿ ಎರಡು ವರ್ಷದ ಓದಿನ ಒಂದು ಕಾಲೇಜಿದೆ. ಅದರ ಒಂದು ಮಗ್ಗುಲಿಗೆ ಜೋಳದ ಹೊಲ, ಇನ್ನೊಂದು ಮಗ್ಗುಲಿಗೆ ಟ್ರ್ಯಾಕ್ಟರ್ ಮಾರುವ ಅಂಗಡಿ. ಇವೆರಡರ ನಡುವೆ, ಹೂವರ್‌ನಿಂದ ಈಚಿನ ಅಮೆರಿಕದ ಅಧ್ಯಕ್ಷರೆಲ್ಲ ವಾರಕ್ಕೆ ಎರಡು ಸಲ ಬಂದು ಆರ್ಲಿಸ್ ಹೌಗನ್ ಎಂಬ ಹೆಂಗಸಿನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಸತ್ತವರೂ ಬರುತ್ತಾರೆ, ಬದುಕಿರುವವರಿಗೂ ವಿನಾಯಿತಿಯಿಲ್ಲ.

ನಾನು ಪಕ್ಕದ ಕೋಣೆಯಲ್ಲಿ ಲೆಕ್ಕಶಾಸ್ತ್ರ ಹೇಳುವವನು. ನಡುವಿನ ಗೋಡೆ ತೆಳ್ಳಗಿದೆ. ನನ್ನ ಕ್ಲಾಸಿನ ಮಕ್ಕಳು ತೆರಿಗೆಯ ಬಗ್ಗೆ ಎಷ್ಟು ಕಲಿತಿದ್ದಾರೋ ಅದಕ್ಕಿಂತ ಹೆಚ್ಚು ನಿಕ್ಸನ್ ಬಗ್ಗೆ ಕಲಿತಿದ್ದಾರೆ.

ಆರ್ಲಿಸ್ ಗಿಡ್ಡ ಹೆಂಗಸು. ಏಪ್ರಿಲ್ ಮುಗಿಯುವ ತನಕ ಹಿಮದ ಬೂಟು ಬಿಚ್ಚುವವಳಲ್ಲ. ಹಂದಿ ಸಾಕುವ ಮನೆಯ ಮಗಳು. ಹುಡುಗಿಯಾಗಿದ್ದಾಗ ಜಿಲ್ಲೆಯ ಕೃಷಿ ಮೇಳದಲ್ಲಿ, ಗಂಟಲೆತ್ತಿ ಕೂಗಿ ಹಂದಿ ಕರೆಯುವ ಸ್ಪರ್ಧೆ ಗೆದ್ದವಳು. ಆ ಗಂಟಲು ಇನ್ನೂ ಹಾಗೇ ಇದೆ. ಯುದ್ಧಕ್ಕೆ ಮುಂಚೆ ಶಂಖ ಊದಿದವರ ಬಗ್ಗೆ ನಾವು ಕೇಳಿದ್ದೇವೆ. ಆರ್ಲಿಸ್‌ಗೆ ಶಂಖದ ಖರ್ಚಿಲ್ಲ.

ಅವಳು ಹೇಳುವುದು ಇತಿಹಾಸ. ಮೊದಲು ಅವಳೂ ನಮ್ಮಂತೆಯೇ ಪಾಠ ಮಾಡುತ್ತಿದ್ದಳು. ಇಟ್ಟಿಗೆಯಂಥ ಪುಸ್ತಕ, ಅದರ ಮೇಲೆ ಹಣೆಯಿಟ್ಟು ಮಲಗುವ ಮಕ್ಕಳು. ಒಂದು ಚಳಿಗಾಲ ವಿಪರೀತ ಹಿಮ ಬಿದ್ದು ಕಾಲೇಜು ಮುಚ್ಚಿತು. ಉಳಿದವರು ದಾರಿಯ ಹಿಮ ಗುದ್ದಲಿಯಲ್ಲಿ ಎತ್ತಿ ಹಾಕುತ್ತಿದ್ದಾಗ ಆರ್ಲಿಸ್ ಅಧ್ಯಕ್ಷರ ಗ್ರಂಥಾಲಯಗಳ ಜಾಲತಾಣಗಳನ್ನು ಅಗೆಯುತ್ತಿದ್ದಳು. ಒಬ್ಬೊಬ್ಬ ಅಧ್ಯಕ್ಷನಿಗೂ ಒಂದೊಂದು ಗ್ರಂಥಾಲಯ. ಅವರ ಭಾಷಣ, ಫೋನಿನ ಮಾತು, ಚಲನಚಿತ್ರ ಎಲ್ಲವೂ ಅಲ್ಲಿ, ಯಾರು ಬೇಕಾದರೂ ಕೇಳಲಿ ಎಂದು, ಬಿಟ್ಟಿಯಾಗಿ ಬಿದ್ದಿವೆ. ಹಿಮ ಕರಗಿದಾಗ ಬೇರೆಯೇ ಆರ್ಲಿಸ್ ಹೊರಬಂದಳು.

ಈಗ ಮೊದಲ ದಿನವೇ ಅವಳು ಹಾಕುವುದು ಅಧ್ಯಕ್ಷ ಜಾನ್ಸನ್ ಪ್ಯಾಂಟು ತರಿಸುವ ಫೋನ್ ಮಾತು. ಅರ್ಧ ಭೂಮಂಡಲವನ್ನು ಸುಟ್ಟುಹಾಕಬಲ್ಲ ಮನುಷ್ಯ, ಜೇಬು ಇನ್ನೊಂದಂಗುಲ ಆಳ ಇರಲಿ, ಸೊಂಟ ಸಡಿಲ ಇರಲಿ ಎಂದು ಬಟ್ಟೆ ಕಂಪನಿಯವನಿಗೆ ವಿವರಿಸುತ್ತಾನೆ. ನಡುವೆ ಒಂದು ತೇಗು ಬೇರೆ. ಹಿಂದಿನ ಬೆಂಚಿನ ತಲೆಗಳು ಮೇಲೇಳುತ್ತವೆ. ಅವು ಮೇಲೆದ್ದ ಗಳಿಗೆಯಲ್ಲೇ ಅದೇ ದನಿ ವಿಯೆಟ್ನಾಂ ಯುದ್ಧದ ಬಗ್ಗೆ ಹತ್ತಿರದವರ ಬಳಿ ಚಿಂತೆ ತೋಡಿಕೊಳ್ಳುವುದನ್ನು ಕೇಳಿಸುತ್ತಾಳೆ. ಆಮೇಲೆ ಯಾರೂ ತಲೆ ತಗ್ಗಿಸುವುದಿಲ್ಲ.

ಅವಳದೊಂದು ಕಟ್ಟಪ್ಪಣೆಯಿದೆ. ಮಕ್ಕಳು ಮೊಬೈಲಿನಲ್ಲಿ ಸಿಗುವ ತುಣುಕುಗಳನ್ನು ತರುತ್ತಾರಲ್ಲ, ಯಾವನೋ ಕತ್ತರಿಸಿ ಹಿಂದೆ ಡೋಲು ಬಡಿಸಿದಂಥವು, ಅವಕ್ಕೆ ಅವಳಿಟ್ಟ ಹೆಸರು 'ತಲೆ ಕಡಿದ ಕೋಳಿ'.

"ಅಂಗಳದ ತುಂಬಾ ಓಡುತ್ತೆ ನಿಜ, ಎಲ್ಲಿಗೆ ಹೋಗ್ತಿದೀನಿ ಅಂತ ಅದಕ್ಕೇ ಗೊತ್ತಿರಲ್ಲ," ಎನ್ನುತ್ತಾಳೆ. "ಹೋಗು, ತಲೆ ಹುಡುಕಿ ತಗೊಂಬಾ." ಮಗು ಹೋಗಿ ಮೂಲ ಧ್ವನಿಮುದ್ರಣ ಹುಡುಕಿ, ಮೊದಲಿನಿಂದ ಕೊನೆವರೆಗೆ ಕೇಳಿ ಬರಬೇಕು.

ಕೇಳಿದ ಮೇಲೆ ಕಾಕಸ್. ನಮ್ಮಲ್ಲಿ ಒಂದು ಪಕ್ಷದವರು ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯನ್ನು ಆರಿಸುತ್ತಿದ್ದುದೇ ಹಾಗೆ: ಶಾಲೆಯ ಜಿಮ್‌ನಲ್ಲಿ ಸೇರುವುದು, ಮೆಚ್ಚಿದವರ ಹೆಸರಿನ ಮೂಲೆಗೆ ಹೋಗಿ ನಿಲ್ಲುವುದು. ಗುಂಪು ತೀರಾ ಸಣ್ಣದಾದರೆ ಅದು ಗುಂಪೇ ಅಲ್ಲ. ಆಗ ಉಳಿದ ಮೂಲೆಯವರು ಬಂದು ಮುತ್ತಿ, ಅಂಗಲಾಚಿ, ತಿಂಡಿ ಕೊಟ್ಟು, ತಮ್ಮ ಕಡೆಗೆ ಎಳೆಯುತ್ತಾರೆ. ಈಗ ಪಕ್ಷದವರು ಅದನ್ನೆಲ್ಲ ಅಂಚೆಯ ಮತಪತ್ರಕ್ಕೆ ಬಿಟ್ಟು ಕೈತೊಳೆದುಕೊಂಡಿದ್ದಾರೆ. ಆದರೆ ಆರ್ಲಿಸ್ ರಾಜ್ಯದಲ್ಲಿ ಹಳೆಯ ಧರ್ಮ ಇನ್ನೂ ನಡೆಯುತ್ತಿದೆ. ಮಕ್ಕಳು ಮನೆಯಿಂದ ಬಾರ್ ತರುತ್ತಾರೆ, ಅಂದರೆ ತಟ್ಟೆಯಲ್ಲಿ ಬೇಯಿಸಿ ಚೌಕವಾಗಿ ಕತ್ತರಿಸಿದ ಸಿಹಿ. ಆ ಹೊತ್ತಿಗೆ ನನಗೆ ಬಿಡುವಿರುತ್ತದೆ. ಇತಿಹಾಸದ ಮೇಲಿನ ನನ್ನ ಪ್ರೀತಿ ಹುಟ್ಟಿದ್ದು ಆ ತಟ್ಟೆಯಿಂದ.

ಹೀಗಿರುವಾಗ ವಿನ್‌ಸ್ಲೋ ಸಾಹೇಬರು ನಮಗೆ ಡೀನ್ ಆಗಿ ಅರಿಜೋನಾದಿಂದ ದಯಮಾಡಿಸಿದರು. ಒಳ್ಳೆಯವರೇ. ಆದರೆ ಅವರ ಕಣ್ಣಿಗೆ ಒಂದು ಕಂಪನಿಯ ಸಿದ್ಧ ವಿಡಿಯೊ ಪಾಠ ಬಿದ್ದಿತ್ತು. ಮಕ್ಕಳು ಮನೆಯಲ್ಲೇ ನೋಡುವುದು, ಗುಂಡಿ ಒತ್ತಿ ಪರೀಕ್ಷೆ ಕೊಡುವುದು. ಅದು ಬಂದರೆ ಆರ್ಲಿಸ್‌ಳ ತರಗತಿ ಹೋದಂತೆ. ಅವಳು ಕಲಿಸುವುದು ಅದೊಂದನ್ನೇ, ಆದ್ದರಿಂದ ಅವಳೂ ಹೋದಂತೆ.

"ಇದೂ ಆನ್‌ಲೈನೇ ಅಲ್ವಾ ಮಿಸೆಸ್ ಹೌಗನ್? ನೀವು ಮಾಡೋದೂ ಅದನ್ನೇ," ಎಂದರಂತೆ ಡೀನ್.

"ಹೊಲದಿಂದ ಈಗ ಕಿತ್ತ ಜೋಳನೂ ಜೋಳನೇ, ಡಬ್ಬದ ಜೋಳನೂ ಜೋಳನೇ. ನಿಮ್ಮನೇಲಿ ಯಾವ್ದು ತಿಂತೀರಿ ಸಾರ್?" ಎಂದಳಂತೆ ಇವಳು.

ಒಂದು ದಿನ ಬಂದು ತರಗತಿ ನೋಡಿ ತೀರ್ಮಾನ ಮಾಡುತ್ತೇನೆ ಎಂದರು ಸಾಹೇಬರು. ಆ ದಿನ ಬೆಳಿಗ್ಗೆ ನಾನು ಅವಳ ಕೋಣೆಗೆ ಓಡಿದೆ.

"ಆರ್ಲಿಸ್, ಇವತ್ತೊಂದಿನ ಮಕ್ಕಳನ್ನ ಕುರ್ಚಿ ಮೇಲೆ ಕೂರಿಸು. ಆ ಮನುಷ್ಯ ಕಾಕಸ್ ಕಂಡೋನಲ್ಲ. ದೊಂಬಿ ಅನ್ಕೋತಾನೆ," ಎಂದೆ.

"ಕೂತ್ಕೊಂಡು ಮಾಡಿದ್ರೆ ಅದು ಪ್ರಾರ್ಥನಾ ಸಭೆ ಆಗುತ್ತೆ, ಓರಿನ್. ನೀನು ಬಾರ್ ತಿನ್ನು, ರಾಜ್ಯಭಾರ ನಂಗೆ ಬಿಡು," ಎಂದಳು. ಮಾತು ಗಟ್ಟಿಯಾಗಿತ್ತು. ಆದರೆ ಸ್ಪೀಕರಿನ ವೈರನ್ನು ತಪ್ಪು ತೂತಿಗೆ ಚುಚ್ಚುತ್ತಿದ್ದಳು.

ಅಂದಿನ ಪ್ರಶ್ನೆ ಬೋರ್ಡಿನ ಮೇಲಿತ್ತು: ದೇಶಕ್ಕೆ ಕೆಟ್ಟ ಸುದ್ದಿಯನ್ನು ಸರಿಯಾಗಿ ಹೇಳಿದ ಅಧ್ಯಕ್ಷ ಯಾರು? ಒಂದು ಮೂಲೆ ಜಾನ್ಸನ್‌ಗೆ. ಇನ್ನೊಂದು ಸಲ ಚುನಾವಣೆಗೆ ನಿಲ್ಲುವುದಿಲ್ಲ ಎಂದದ್ದಕ್ಕೆ. ಒಂದು ಕಾರ್ಟರ್‌ಗೆ; ದೇಶ ತನ್ನ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿದೆ ಎಂದು ದೇಶದ ಮುಖಕ್ಕೇ ಹೇಳಿದ್ದಕ್ಕೆ. ಒಂದು ರೇಗನ್‌ಗೆ, ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಅದರಲ್ಲಿದ್ದವರೆಲ್ಲ ಸತ್ತ ದಿನದ ಮಾತಿಗೆ. ಕಿಟಕಿಯ ಪಕ್ಕದ ನಾಲ್ಕನೆಯ ಮೂಲೆಯಲ್ಲಿ 'ಇನ್ನೂ ನಿರ್ಧರಿಸದವರು' ಎಂಬ ಕಾಗದ.

ಡೀನ್ ಸಾಹೇಬರು ಸದ್ದಿಲ್ಲದೆ ಬಂದರು. ಯಾರಿಗೂ ತೊಂದರೆಯಾಗಬಾರದೆಂದು, ಖಾಲಿಯಿದ್ದ ಕಿಟಕಿಯ ಮೂಲೆಯ ಕುರ್ಚಿಯಲ್ಲಿ, ಸರಿಯಾಗಿ ಆ ಕಾಗದದ ಕೆಳಗೆ ಆಸೀನರಾದರು. ಮಕ್ಕಳಿಗೆ ಅವರ ಗುರುತಿರಲಿಲ್ಲ. ನಮ್ಮ ಕಾಲೇಜಿಗೆ ನಡುವಯಸ್ಸಿನವರೂ ಓದಲು ಬರುತ್ತಾರೆ. ಇದೂ ಅಂಥದೇ ತಡವಾಗಿ ಸೇರಿದ ಗಿರಾಕಿ ಎಂದುಕೊಂಡರು.

"ಮೂಲೆ ಹಿಡೀರೀ!" ಆರ್ಲಿಸ್‌ಳ ಗಂಟಲು ಮೊಳಗಿತು. ಟ್ರ್ಯಾಕ್ಟರ್ ಅಂಗಡಿಯವರೂ ಒಂದು ಮೂಲೆ ಹಿಡಿದಿರಬೇಕು.

ಕುರ್ಚಿಗಳು ಕಿರುಗುಟ್ಟಿದವು. ಕಾರ್ಟರ್ ಸೇನೆಗೆ ಕೋಲ್ ಡ್ರೆಷರ್ ನಾಯಕ. ಹಂದಿ ಸಾಕುವ ಮನೆಯ ಹುಡುಗ. ರೇಗನ್ ಕಡೆ ಆಮ್ರಾ ಹೋಜಿಚ್. ನರ್ಸಿಂಗ್ ಓದುವವಳು, ಬೋಸ್ನಿಯಾದಿಂದ ಯುದ್ಧದ ಕಾಲದಲ್ಲಿ ಬಂದವರ ಮಗಳು. ಎಣಿಕೆಯಾಯಿತು. ಕಿಟಕಿಯ ಮೂಲೆಯಲ್ಲಿ ಒಂದೇ ತಲೆ.

"ಸಾರ್, ನಿಮ್ಮ ಗುಂಪಲ್ಲಿ ನೀವೊಬ್ರೇ," ಎಂದಳು ಆಮ್ರಾ. "ಒಬ್ರ ಗುಂಪು ನಡೆಯಲ್ಲ. ಏಳ್ಬೇಕು."

"ಇಲ್ಲಮ್ಮ, ನಾನು ಸುಮ್ನೆ ನೋಡೋಕೆ ಬಂದಿದೀನಿ."

"ಎಲ್ರೂ ಮೊದ್ಲು ಹಂಗೇ ಅನ್ನೋದು," ಎಂದ ಕೋಲ್. ಅಷ್ಟರಲ್ಲಿ ತಟ್ಟೆ ಸಾಹೇಬರ ಮೂಗಿನ ಕೆಳಗಿತ್ತು. "ನಮ್ಮಜ್ಜಿ ಮಾಡಿದ್ದು. ಕಾರ್ಟರ್ ಕಡೆ ಬಂದ್ರೆ ಅಂಚಿನ ತುಂಡು, ಗರಿಗರಿ ಇರೋದು."

ನಾನು ಆರ್ಲಿಸ್ ಕಡೆ ನೋಡಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು: ಮಕ್ಕಳೇ, ಇವರು ಡೀನ್. ಅವಳು ಹೇಳಲಿಲ್ಲ. ಕಾಕಸ್ ನಡೆಸುವವರು ಯಾರನ್ನೂ ಆ ಮೂಲೆ ಈ ಮೂಲೆ ಎನ್ನುವಂತಿಲ್ಲ, ಅದು ನಿಯಮ. ಕೆಲಸ ಹೋಗುವ ಹೊತ್ತಿನಲ್ಲೂ ಆ ಮಹಾತಾಯಿ ಬಾಯಿಗೆ ಬೀಗ ಹಾಕಿ ಕೈಕಟ್ಟಿ ನಿಂತಳು. ಬೆರಳುಗಳು ಮಾತ್ರ ಸ್ವೆಟರಿನ ಅಂಚು ಹಿಂಡುತ್ತಿದ್ದವು.

ಡೀನ್ ಬಾರ್ ತೆಗೆದುಕೊಂಡರು. ಅಲ್ಲಿಗೆ ಕೋಟೆಯ ಬಾಗಿಲು ಮುರಿಯಿತು.

"ಅಲ್ಲಪ್ಪಾ, ಕಾರ್ಟರ್ ಅಷ್ಟೆಲ್ಲಾ ಹೇಳಿ ಮುಂದಿನ ಚುನಾವಣೆ ಸೋತ್ರಲ್ಲ!" ಎಂದರು ಕೋಲ್‌ಗೆ.

"ಸೋತ್ರು. ಸುಳ್ಳು ಹೇಳಿದ್ರಾ?"

"ಸುಳ್ಳಲ್ಲ, ಆದ್ರೆ ಜನರನ್ನ ಬೈದ ಹಾಗಿತ್ತು."

"ಯಾವ ಸಾಲಲ್ಲಿ ಬೈದಿದಾರೆ ತೋರಿಸಿ ಸಾರ್. ಪೂರ್ತಿ ಕೇಳಿದೀರಾ, ತಲೆ ಕಡಿದ ಕೋಳಿನಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಾಯಿತು.

"ರೇಗನ್ ಭಾಷಣ ನಾನೇ ಕೇಳಿದೀನಿ," ಎಂದರು. "ಆಗ ನಾನು ಮೂರನೇ ಕ್ಲಾಸು. ನೌಕೆ ಏರೋದನ್ನ ಶಾಲೇಲಿ ಟಿವಿ ಇಟ್ಟು ತೋರಿಸ್ತಿದ್ರು. ಸಿಡೀತು. ಟೀಚರ್ ಟಿವಿ ಆರಿಸಿ, ಗಣಿತದ ಪುಸ್ತಕ ತೆಗೀರಿ ಅಂದ್ರು. ಯಾರೂ ಏನೂ ಹೇಳ್ಲಿಲ್ಲ. ಸಂಜೆ ಅಧ್ಯಕ್ಷರು ಟಿವೀಲಿ ಬಂದು ನಮಗೇ ಹೇಳಿದ್ರು, ಮಕ್ಕಳಿಗೆ."

ಆಮ್ರಾ ಗ್ರಂಥಾಲಯದ ತಾಣದಿಂದ ಆ ಭಾಷಣವನ್ನು ಪೂರ್ತಿ ಹಾಕಿದಳು. ಸಾಹೇಬರು ಬಾರ್ ಹಿಡಿದುಕೊಂಡೇ ಕೇಳಿದರು.

"ಮಕ್ಕಳಿಗೆ ಹೇಳಿದ್ದು ಇಷ್ಟೇ ಇಷ್ಟು," ಎಂದರು ಕೊನೆಗೆ, ಬೆರಗಾಗಿ. "ಸತ್ತವರ ಮನೆಯವರಿಗೆ ಮಾತಾಡಿದಾರೆ, ಅಲ್ಲಿ ಕೆಲಸ ಮಾಡೋರಿಗೆ ಮಾತಾಡಿದಾರೆ. ನಾನು ಇಷ್ಟು ವರ್ಷ ನಮ್ಮ ಕ್ಲಾಸಿಗೆ ಮಾತ್ರ ಅನ್ಕೊಂಡಿದ್ದೆ."

"ಹಾಗಾದ್ರೆ ನಿಮ್ಮ ಮೂಲೆ ಯಾವುದು ಸಾರ್?" ಎಂದಳು ಆಮ್ರಾ.

ಅವರು ಎದ್ದು ನಡೆದು ರೇಗನ್ ಮೂಲೆಯಲ್ಲಿ ನಿಂತರು. ಅಲ್ಲಿ ಜಯಘೋಷ; ಕಾರ್ಟರ್ ಪಾಳಯದಲ್ಲಿ ಬಾರ್ ದಂಡವಾಯಿತೆಂಬ ಆಕ್ರೋಶ.

ಆರ್ಲಿಸ್ ಈಗ ಬಾಯಿಬಿಟ್ಟಳು. "ಯಾಕೆ ಆ ಮೂಲೆ? ಕಾರಣ ಹೇಳ್ಬೇಕು."

"ಕೆಟ್ಟ ಸುದ್ದೀನ ಇನ್ನೊಬ್ರ ಕೈಲಿ ಹೇಳಿಸ್ಲಿಲ್ಲ," ಎಂದಳು ಆಮ್ರಾ. "ತಾವೇ ಬಂದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ರು."

"ನಮ್ಮವರೂ ಹಂಗೇ ಹೇಳಿದ್ರು ಕಣೇ," ಎಂದು ಕೋಲ್ ಗೊಣಗಿದ. "ತಿಂಡಿ ತಿಂದು ಆಚೆ ಹೋದೋರಿಗೆ ಏನು ಹೇಳೋದು!"

ಡೀನ್ ಗಂಟಲು ಸರಿಮಾಡಿಕೊಂಡರು. "ಮಿಸೆಸ್ ಹೌಗನ್, ನಾನೊಂದು ಮಾತು ಹೇಳ್ಬೇಕು. ಇಲ್ಲಿಗೆ ಬರೋ ಮೊದ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಈ ತರಗತಿ ನಿಲ್ಲಿಸ್ತೀವಿ ಅಂತ ನಿಮಗೆ ಶುಕ್ರವಾರ ಇ-ಮೇಲ್ ಕಳ್ಸೋನಿದ್ದೆ. ಎದುರಿಗೆ ಹೇಳೋ ಧೈರ್ಯ ಇರ್ಲಿಲ್ಲ."

"ಅಯ್ಯಯ್ಯೋ, ಇವ್ರು ಡೀನಾ!" ಎಂದ ಕೋಲ್, ಖಾಲಿಯಾಗುತ್ತಿದ್ದ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸುತ್ತ.

ಆರ್ಲಿಸ್‌ಳ ಮುಖ ಹಿಮದಷ್ಟು ಬಿಳುಪಾಗಿತ್ತು. ಆದರೂ ಗೋಡೆಯ ಗಡಿಯಾರ ನೋಡಿ ಹೇಳಿದಳು: "ಮೂಲೆ ಬದಲಾಯಿಸೋ ಹೊತ್ತು ಇನ್ನೂ ಮುಗಿದಿಲ್ಲ ಸಾರ್. ನಿಂತಲ್ಲೇ ನಿಲ್ಬೇಕು ಅಂತ ಏನಿಲ್ಲ."

ಸಾಹೇಬರು ಸುತ್ತ ನೋಡಿದರು. ನಾನಂತೂ ಬಾಯಲ್ಲಿದ್ದುದನ್ನು ಅಗಿಯುವುದನ್ನೂ ಬಿಟ್ಟಿದ್ದೆ.

"ಹಾಗಿದ್ರೆ ನಾನು ಮೂಲೆ ಬದಲಾಯಿಸಿದೆ," ಎಂದರು. "ತರಗತಿ ಇರ್ಲಿ. ಆ ಡಬ್ಬದ ಜೋಳ ಬೇಡ."

ಆಗ ಎದ್ದ ಕೂಗಿಗೆ ಪಕ್ಕದ ಕೋಣೆಯ ನನ್ನ ಲೆಕ್ಕದ ಬೋರ್ಡು ಕೆಳಗೆ ಬಿದ್ದಿತೆಂದು ಆಮೇಲೆ ತಿಳಿಯಿತು. ಆರ್ಲಿಸ್ ಮಾತ್ರ ತಿರುಗಿ ನಿಂತು ಬಹಳ ಹೊತ್ತು ಬೋರ್ಡು ಒರೆಸಿದಳು. ಅದರ ಮೇಲೆ ಒರೆಸುವಂಥದ್ದು ಅಷ್ಟೇನೂ ಇರಲಿಲ್ಲ.

ಮುಂದಿನ ವಾರ ಡೀನ್ ಮತ್ತೆ ಬಂದರು, ಈ ಸಲ ಕೈಯಲ್ಲಿ ಬಾರ್‌ಗಳೊಂದಿಗೆ. ಅಂಗಡಿಯವು, ಪ್ಲಾಸ್ಟಿಕ್ ಡಬ್ಬಿ, ಮೇಲೆ ಬೆಲೆಚೀಟಿ. ನಮ್ಮೂರಿನಲ್ಲಿ ಕಾಕಸ್‌ಗೆ ಅಂಗಡಿಯ ಬಾರ್ ತರುವುದೆಂದರೆ ಮದುವೆಮನೆಗೆ ಹೋಟೆಲಿನ ಪೊಟ್ಟಣ ಹಿಡಿದು ಬಂದ ಹಾಗೆ. ಕೋಲ್ ಮುಖ ಆ ಕಡೆ ತಿರುಗಿಸಿದ. ಆಮ್ರಾ ಛಾವಣಿ ನೋಡಿದಳು. ನಾನೂ, ನಾಚಿಕೆಯಿಲ್ಲದ ನಾನೂ, ಕೈ ಹಿಂದೆ ಇಟ್ಟುಕೊಂಡೆ.

ಆರ್ಲಿಸ್ ಬೂಟು ಸದ್ದು ಮಾಡುತ್ತ ಬಂದು, ಡಬ್ಬಿ ತೆರೆದು, ಒಂದನ್ನು ಎತ್ತಿ, ಎಲ್ಲರ ಎದುರು ಪುಡಿಯೂ ಬಿಡದೆ ತಿಂದು ಮುಗಿಸಿದಳು.

"ಬಹಳ ಚೆನ್ನಾಗಿದೆ ಸಾರ್," ಎಂದಳು.

ಕೆಟ್ಟ ಸುದ್ದಿಯನ್ನು ಮುಖಕ್ಕೇ ಹೇಳಬೇಕೆಂದು ಕಲಿಸುವ ಹೆಂಗಸು ಅವಳು. ಅವಳ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ.